ನಮ್ಮ ಮನೆಯ ಮುಧೋಳ ನಾಯಿ

ನಾಯಿ ಸಾಕುವವರಲ್ಲಿ ಎರಡು ಬಗೆ. ಮನೆಯ ಕಾವಲಿಗೆಂದು ಸಾಕುವವರು ಒಂದು ಬಗೆಯಾದರೆ, ನಾಲ್ಕು ಜನ ಕಂಡು ಮೆಚ್ಚಲೆಂದು ಸಾಕುವವರು ಇನ್ನೊಂದು ಬಗೆ. ನಾವು ಎರಡನೆಯ ಬಗೆಯವರೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಲೇಸು.

ಜತ್ತ ಸೀಮೆಯ ನಮಗೆ ಮುಧೋಳ ದೂರದ ಹೆಸರಲ್ಲ. ಹಿಂದೆ ಘೋರ್ಪಡೆಯವರ ಸಂಸ್ಥಾನವಾಗಿದ್ದ ಆ ಊರಿನ ಬೇಟೆನಾಯಿಯ ಕೀರ್ತಿಯನ್ನು ನಾವು ಚಿಕ್ಕಂದಿನಿಂದಲೂ ಕೇಳುತ್ತ ಬಂದವರು. ಅಲ್ಲಿಯ ಅರಸರಾದ ಮಾಲೋಜಿರಾಯರು ಈ ತಳಿಯನ್ನು ಅಕ್ಕರೆಯಿಂದ ಬೆಳೆಯಿಸಿ, ಅದರ ಜೋಡಿಯೊಂದನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟರು. 2005ರಲ್ಲಿ ಭಾರತದ ಅಂಚೆ ಇಲಾಖೆಯು ಈ ನಾಯಿಯ ಚಿತ್ರವುಳ್ಳ ಅಂಚೆಚೀಟಿಯನ್ನೇ ಹೊರಡಿಸಿತು. ಇಂಥ ಕುಲದ ಮರಿಯೊಂದು ಪರಿಚಿತರ ಮುಖಾಂತರ ನಮ್ಮ ಮನೆಗೆ ಬಂದಾಗ ನಮಗಾದ ಹೆಮ್ಮೆ ಅಷ್ಟಿಷ್ಟಲ್ಲ. ಮಕ್ಕಳು ಅದಕ್ಕೆ 'ಗಾಳಿ' ಎಂದು ಹೆಸರಿಟ್ಟರು.

ಮುಧೋಳದ ನಾಯಿಯು ಗ್ರೇಹೌಂಡಿನ ಬಳಗಕ್ಕೆ ಸೇರಿದುದು. ಉದ್ದನೆಯ ಮೂತಿ, ಆಳವಾದ ಎದೆ, ಒಳಗೆ ಸೇದಿಕೊಂಡ ಹೊಟ್ಟೆ. ಜೋಳದ ರೊಟ್ಟಿ, ಹಾಲು, ಬೇಯಿಸಿದ ಬೇಳೆ, ಆಗಾಗ ಒಂದು ಮೊಟ್ಟೆ, ಇಷ್ಟನ್ನು ತಪ್ಪದೆ ಕೊಟ್ಟರೂ ಪಕ್ಕೆಯ ಎಲುಬುಗಳು ಕಾಣುತ್ತಲೇ ಇದ್ದುವು. "ಮಾಸ್ತರ್ರ, ನಾಯಿಗೆ ಕೂಳು ಹಾಕೂದಿಲ್ಲೇನ್ರಿ?" ಎಂದು ಬಂದವರೆಲ್ಲ ಕೇಳುವರು. ಮನೆಯೊಳಗೆ ಅದರಷ್ಟು ಸಾಧು ಪ್ರಾಣಿಯನ್ನು ನಾವು ಕಂಡಿಲ್ಲ. ದಿನದ ಬಹುಭಾಗ ನಿದ್ದೆ, ಬೊಗಳುವುದು ಅಪರೂಪ. ಮೈಯಲ್ಲಿ ಕೊಬ್ಬಿಲ್ಲ, ಕೂದಲು ಗಿಡ್ಡ. ಆದುದರಿಂದ ಮಾಗಿಯ ಚಳಿಯಲ್ಲಿ ಮಗಳ ಕೌದಿಯೊಳಗೆ ಸದ್ದಿಲ್ಲದೆ ನುಸುಳಿ ಮಲಗುತ್ತಿತ್ತು.

ಆದರೆ ಈ ಬಳಗದ ನಾಯಿಗಳು ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡತಕ್ಕವು. ದೂರದಲ್ಲಿ ಏನಾದರೊಂದು ಓಡಿತೆಂದರೆ ಸಾಕು, ಹಿಂದೆ ಕೂಗುವವರ ದನಿ ಅವುಗಳ ಕಿವಿಗೆ ಬೀಳದು. ಇದನ್ನು ನಾವು ಓದಿ ಬಲ್ಲೆವು. ಬಲ್ಲವರು ಹೇಳಿಯೂ ಇದ್ದರು.

ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ನಾಲ್ಕನೆಯ ಇಯತ್ತೆಯ ಹುಡುಗರು ಗಾಳಿಯ ಓಟವನ್ನು ನೋಡಬೇಕೆಂದು ಹಟ ಹಿಡಿದರು. ನಮಗೂ ತೋರಿಸುವ ಚಪಲ. ಒಂದೊಂದು ನೆಗೆತದಲ್ಲಿಯೂ ಅದರ ನಾಲ್ಕು ಕಾಲುಗಳು ಎರಡು ಸಲ ನೆಲ ಬಿಡುವುವೆಂದೂ, ಕಾಲುಗಳು ಹೊಟ್ಟೆಯ ಕೆಳಗೆ ಕೂಡಿದಾಗ ಒಮ್ಮೆ, ಹಿಂದೆ ಮುಂದೆ ಚಾಚಿದಾಗ ಇನ್ನೊಮ್ಮೆ ಎಂದೂ ಪಾಠ ಹೇಳಿ, ಬಯಲಿನಲ್ಲಿ ಹಗ್ಗ ಬಿಚ್ಚಿದೆವು. ಹುಡುಗರು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಬೇಲಿಯ ಮರೆಯಿಂದ ನೆರೆಮನೆಯ ಆಯಿಯ ಆಡಿನ ಮರಿಯೊಂದು ಹಾರಿ ಓಡಿತು. ನಾವು ಕೂಗುವುದರೊಳಗಾಗಿ ಎಲ್ಲವೂ ಮುಗಿದುಹೋಗಿತ್ತು.

ಆಗ ನಾವು ಮಾಡಿದುದನ್ನು ಬರೆಯಲು ಈಗಲೂ ನಾಚಿಕೆಯೆನಿಸುತ್ತದೆ. ಅಷ್ಟು ಮಕ್ಕಳ ಎದುರಿಗೆ ಅದೇ ಹಗ್ಗದಿಂದ ನಾಯಿಯನ್ನು ಹೊಡೆದೆವು. ಅದು ಓಡಿಹೋಗಲಿಲ್ಲ. ಓಡಿದ್ದರೆ ಹಿಡಿಯಬಲ್ಲವರು ಯಾರೂ ಇರಲಿಲ್ಲ. ಆದರೂ ನಮ್ಮ ಕಾಲ ಬಳಿಯಲ್ಲಿಯೇ ಮುದುರಿ ಮಲಗಿತು. ಅಂದಿನಿಂದ ಹಿತ್ತಿಲಲ್ಲಿ ಸರಪಳಿ ಬಿಗಿದೆವು. ತಿಂಗಳು ಕಳೆಯುವಷ್ಟರಲ್ಲಿ ಕಲ್ಲುಹಾಸಿನ ಮೇಲೆ ಮಲಗಿ ಮಲಗಿ ಅದರ ಮೊಣಕೈಗಳಲ್ಲಿ ಹುಣ್ಣಾದುವು. ತೆಳುವಾದ ಆ ತೊಗಲಿಗೆ ಮೆತ್ತನೆಯ ಹಾಸಿಗೆ ಬೇಕೆಂಬುದೂ ನಮ್ಮ ಸಿಟ್ಟಿನಲ್ಲಿ ಮರೆತುಹೋಗಿತ್ತು.

ಮರಿಯ ಬೆಲೆಯ ಉಳಿದ ಹಣವನ್ನು ಕೊಡಲು ಹೋದ ದಿನ ಆಯಿ ಕೇಳಿದಳು: "ನಾಯಿನ್ನ ಇನ್ನೂ ಕಟ್ಟೇ ಹಾಕೀರೇನ್ರಿ?" ಹೌದೆಂದೆವು. "ಅದು ತನ್ನ ಹುಟ್ಟುಗುಣ ತೋರಿಸ್ತು. ಹಗ್ಗ ಬಿಚ್ಚಿದವರು ಯಾರ್ರಿ, ಮಾಸ್ತರ್ರ?"

ಮರಿಯನ್ನು ಕಳೆದುಕೊಂಡವಳ ಬಾಯಿಂದ ಬಂದ ಮಾತಿದು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಮರುದಿನ ಅದೇ ಹುಡುಗರ ಎದುರಿಗೆ ನಿಂತು, ಅಂದು ತಪ್ಪು ನಾಯಿಯದಲ್ಲ, ನಮ್ಮದು ಎಂದೆವು. ತರಗತಿ ಸ್ತಬ್ಧವಾಯಿತು. ಕಡೆಯ ಸಾಲಿನ ಹುಡುಗನೊಬ್ಬನು ಮೆಲ್ಲನೆ, "ಮತ್ತ ಅದನ್ನ ಯಾಕ ಹೊಡದ್ರಿ, ಸರ?" ಎಂದನು. ಹಿಂದಿನ ವಾರ ಓಡಾಡಿದನೆಂದು ನಾವು ಬೆಂಚಿನ ಮೇಲೆ ನಿಲ್ಲಿಸಿದ್ದ ಹುಡುಗನೇ ಅವನು.

ಈಗ ಸರಪಳಿಯಿಲ್ಲ. ಮಲಗಲು ಹಳೆಯ ಕೌದಿಯಿದೆ. ಬೆಳಗಿನ ಜಾವ ಸುತ್ತಲೂ ಕಲ್ಲಿನ ಗೋಡೆಯಿರುವ ಗೆಳೆಯರ ಹೊಲಕ್ಕೆ ಕರೆದೊಯ್ದು, ಒಳಗೆ ಬೇರೆ ಜೀವವಿಲ್ಲವೆಂದು ನೋಡಿಕೊಂಡು ಬಿಡುತ್ತೇವೆ. ಮೂರು ನಾಲ್ಕು ಸುತ್ತು ಓಡಿದರೆ ಅದಕ್ಕೆ ಅಂದಿನ ತೃಪ್ತಿ. ಮೊಲದ ಬೇಟೆಯ ಮಾತನ್ನು ಯಾರಾದರೂ ಎತ್ತಿದರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೇರೆಗೆ ಅದು ಅಪರಾಧವೆಂದು ಹೇಳಿ ಕಳುಹಿಸುತ್ತೇವೆ. ದಾರಿಯಲ್ಲಿ ಆಯಿಯ ಮನೆ ಬಂದಾಗ ಅವಳು ತನ್ನ ಮರಿಗಳನ್ನು ಒಳಗೆ ಕರೆದುಕೊಳ್ಳುತ್ತಾಳೆ. ನಾವು ಹಗ್ಗವನ್ನು ಗಿಡ್ಡಗೆ ಹಿಡಿಯುತ್ತೇವೆ. ಗಾಳಿ ಮಾತ್ರ ಅವಳನ್ನು ಕಂಡು ಬಾಲವಾಡಿಸುತ್ತದೆ.