ಲಂಗರು ಇಳಿಸುವ ಎಡೆ

ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರ ಸಮುದ್ರಮಟ್ಟಕ್ಕಿಂತ ಸುಮಾರು ಎರಡೂವರೆ ಸಾವಿರ ಅಡಿ ಎತ್ತರದಲ್ಲಿರುವ ಊರು. ಸಿಮೆಂಟಿನಿಂದ ಹೆಸರು ಪಡೆದ ಈ ಊರಿನ ಸುತ್ತ, ತಿಪಟೂರು ಚಿಕ್ಕನಾಯಕನಹಳ್ಳಿಗಳವರೆಗೆ, ಕಣ್ಣು ಹಾಯಿಸಿದತ್ತ ತೆಂಗಿನ ತೋಟಗಳು. ಕಡಲತೀರದ ಮರವೆಂದು ಪ್ರಸಿದ್ಧವಾದ ತೆಂಗು, ಕಡಲನ್ನೇ ಕಾಣದ ಈ ಬಯಲುಸೀಮೆಯಲ್ಲಿ ಇಷ್ಟು ಸೊಗಸಾಗಿ ನೆಲೆಯೂರಿರುವುದು ಸೋಜಿಗವೇ ಸರಿ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿ ಉಂಡೆ ಕೊಬ್ಬರಿಯಾಗಿ ತಿಪಟೂರಿನ ಮಾರುಕಟ್ಟೆಗೆ ಹೋಗುತ್ತದೆ. ಸುಲಿದ ಮಟ್ಟೆ ನಾರಾಗಿ, ಹುರಿಯಾಗಿ, ಹಗ್ಗವಾಗುತ್ತದೆ.

ಈ ನಾರಿಗೂ ಕಡಲಿಗೂ ಬಹು ಹಳೆಯ ನಂಟು. ಭಾರತದ ಮತ್ತು ಯೆಮನ್ ದೇಶದ ಹಡಗುಗಳ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರೆಂದು 14ನೆಯ ಶತಮಾನದ ಪ್ರವಾಸಿ ಇಬ್ನ್ ಬತೂತ ಬರೆದಿಟ್ಟಿದ್ದಾನೆ. ಉಪ್ಪುನೀರಿನಲ್ಲಿ ಬೇಗ ಕೊಳೆಯದೆ, ನೀರಿನ ಮೇಲೆ ತೇಲುತ್ತ, ಜಗ್ಗಿದರೆ ತುಸು ಹಿಗ್ಗಿ ಮತ್ತೆ ಕುಗ್ಗುವ ಗುಣವಿರುವುದರಿಂದ ನಾರಿನ ಹಗ್ಗ ಹಡಗುಗಳನ್ನು ಹಿಡಿದು ನಿಲ್ಲಿಸುವ ಕೆಲಸಕ್ಕೂ ಒದಗಿತು.

ರಜೆಯಲ್ಲಿ ಈ ತೆಂಗಿನ ನಾಡಿನ ಸಂಸಾರಗಳು ಅರಸೀಕೆರೆ, ಹಾಸನ, ಸಕಲೇಶಪುರಗಳ ದಾರಿಯಾಗಿ ಘಟ್ಟವಿಳಿದು ಕಡಲನ್ನು ನೋಡಲು ಹೋಗುವುದುಂಟು. ಮರಳ ದಂಡೆ, ಬಾಗಿದ ತೆಂಗು, ಸಂಜೆಯ ಸೂರ್ಯ: ದಡದಲ್ಲಿ ನಿಂತವರಿಗೆ ಇಷ್ಟಿದ್ದರೆ ಸಾಕು. ಆದರೆ ಇದೇ ದಡಕ್ಕೆ ಕಡಲಿನ ಕಡೆಯಿಂದ, ಹಾಯಿ ಬಿಚ್ಚಿದ ವಿಹಾರನೌಕೆಯಲ್ಲಿ ಬರುವವರ ಚಿಂತೆ ಬೇರೆ. ಹೊತ್ತು ಮುಳುಗುವ ಮುನ್ನ ಲಂಗರು ಇಳಿಸುವ ಎಡೆಯೊಂದು ಅವರಿಗೆ ದೊರೆಯಬೇಕು. ನೋಟಕ್ಕೆ ಅತಿ ಚೆಲುವಾದ ದಂಡೆಯೇ ಹಲವು ವೇಳೆ ಅವರಿಗೆ ಅತಿ ಅಪಾಯದ ಜಾಗವಾಗಿರುತ್ತದೆ.

ಮೀನುಗಾರರ ಸಣ್ಣ ದೋಣಿಗೆ ಆಳದ ಹಂಗಿಲ್ಲ. ಕೆಲಸ ಮುಗಿದೊಡನೆ ಅದನ್ನು ಮರಳಿನ ಮೇಲಕ್ಕೆ ಎಳೆದುಬಿಡಬಹುದು. ದೂರಪ್ರಯಾಣದ ಹಾಯಿನೌಕೆಯ ರಚನೆ ಹಾಗಲ್ಲ. ಹಾಯಿಗೆ ಬಡಿದ ಗಾಳಿ ನೌಕೆಯನ್ನು ಮಗುಚದಂತೆ, ಪಕ್ಕಕ್ಕೆ ತಳ್ಳದಂತೆ ಅದರ ಅಡಿಯಲ್ಲಿ ಕಬ್ಬಿಣದ ಅಥವಾ ಸೀಸದ ಭಾರವಾದ ಕೀಲನ್ನು ಇಳಿಬಿಟ್ಟಿರುತ್ತಾರೆ. ನಲವತ್ತು ಅಡಿ ಉದ್ದದ ನೌಕೆಯ ಕೀಲು ಆರೇಳು ಅಡಿ ನೀರಿನೊಳಗೆ ಇಳಿದಿರುವುದು ಸಾಮಾನ್ಯ. ನಡುಗಡಲಿನಲ್ಲಿ ಪ್ರಾಣ ಕಾಯುವ ಈ ಭಾರ ದಡದ ಬಳಿ ಕಾಲಿಗೆ ಕಟ್ಟಿದ ಕಲ್ಲಿನಂತಾಗುತ್ತದೆ.

ಕರ್ನಾಟಕದ ತೀರದಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ಉಬ್ಬರಕ್ಕೂ ಇಳಿತಕ್ಕೂ ಐದಾರು ಅಡಿಗಳ ಅಂತರವುಂಟು. ಏಳಡಿ ಇಳಿಯುವ ನೌಕೆ ತುಂಬು ಉಬ್ಬರದಲ್ಲಿ ಹನ್ನೆರಡು ಅಡಿ ನೀರನ್ನು ಕಂಡು ಲಂಗರು ಹಾಕಿತೆನ್ನೋಣ. ಆರು ಗಂಟೆಗಳ ತರುವಾಯ ನೀರು ಐದಡಿ ಇಳಿದರೆ ಉಳಿಯುವುದು ಏಳೇ ಅಡಿ. ಆಗ ಒಂದು ಸಣ್ಣ ಅಲೆ ಎತ್ತಿ ಕೆಡವಿದರೂ ಕೀಲು ನೆಲಕ್ಕೆ ಅಪ್ಪಳಿಸುತ್ತದೆ. ಆದುದರಿಂದ ತಿಳಿದ ನಾವಿಕನು ಕಣ್ಣೆದುರಿನ ನೀರನ್ನು ನಂಬದೆ, ಇಳಿತದ ಕಡೆಯ ಗಳಿಗೆಯಲ್ಲಿ ಉಳಿಯುವ ನೀರನ್ನೇ ಲೆಕ್ಕ ಹಾಕುತ್ತಾನೆ. ಆಳದ ಮೂರರಿಂದ ಐದು ಪಟ್ಟು ಸರಪಳಿ ಬಿಡುತ್ತಾನೆ. ಗಾಳಿ ತಿರುಗಿದಾಗ ನೌಕೆ ಆ ಸರಪಳಿಯ ಸುತ್ತ ಬಳಸಿ ಬರಲು ಎಲ್ಲ ದಿಕ್ಕಿನಲ್ಲಿಯೂ ಬಯಲಿದೆಯೇ ಎಂದು ನೋಡುತ್ತಾನೆ. ತಳದ ಗುಣವನ್ನೂ ಅರಿಯಬೇಕು. ಹಿಂದಿನವರು ಸೀಸದ ಗುಂಡಿನ ಅಡಿಯ ಕುಳಿಗೆ ಕೊಬ್ಬನ್ನು ಮೆತ್ತಿ ಹಗ್ಗದಲ್ಲಿ ಇಳಿಬಿಡುತ್ತಿದ್ದರು. ಕೊಬ್ಬಿಗೆ ಕೆಸರು ಅಂಟಿ ಬಂದರೆ ಲಂಗರು ಕಚ್ಚುವ ಭರವಸೆ. ಏನೂ ಅಂಟದಿದ್ದರೆ ಕೆಳಗೆ ಬಂಡೆ.

ಇನ್ನು ಗಾಳಿಯ ಮಾತು. ಅಕ್ಟೋಬರಿನಿಂದ ಮೇ ತಿಂಗಳ ಮೊದಲ ಭಾಗದವರೆಗೆ ಈ ಕಡಲು ಬಹುಮಟ್ಟಿಗೆ ಸೌಮ್ಯ. ಮಧ್ಯಾಹ್ನ ಪಶ್ಚಿಮ, ವಾಯವ್ಯಗಳಿಂದ ಕಡಲಗಾಳಿ. ರಾತ್ರಿ ನೆಲದ ಕಡೆಯಿಂದ ಮಂದವಾದ ಗಾಳಿ. ಆದರೆ ತೀರ ಪಶ್ಚಿಮಕ್ಕೆ ತೆರೆದಿರುವುದರಿಂದ, ಬರಿಯ ದಂಡೆಯ ಮುಂದೆ ನಿಂತ ನೌಕೆಯನ್ನು ಹಗಲಗಾಳಿ ದಡದತ್ತಲೇ ದೂಡುತ್ತದೆ. ಲಂಗರು ಕಿತ್ತರೆ ಹಿಂದೆ ಮರಳು, ಮುಂದೆ ಅಲೆ. ಮುಂಗಾರು ಇಳಿದ ಮೇಲಂತೂ ವಿಹಾರದ ಮಾತೇ ಸಲ್ಲದು.

ಹಾಗಾದರೆ ನದಿಗಳ ಬಾಯಿ ಹೊಕ್ಕರಾಗದೆ? ನೇತ್ರಾವತಿ, ಶರಾವತಿ, ಅಘನಾಶಿನಿ, ಕಾಳಿ: ಘಟ್ಟದಿಂದ ಧುಮುಕಿದ ಎಷ್ಟೋ ನದಿಗಳು ಇಲ್ಲಿ ಕಡಲು ಸೇರುತ್ತವೆ. ಒಳಗಿನ ಹಿನ್ನೀರು ಕನ್ನಡಿಯಂತೆ ಶಾಂತ. ತೊಡಕಿರುವುದು ಅಳಿವೆಯ ಬಾಗಿಲಿನಲ್ಲಿ. ನದಿ ಹೊತ್ತು ತಂದ ಮರಳನ್ನು ಅಲೆ ಅಲ್ಲಿಯೇ ತಡೆದು ದಿಣ್ಣೆಗಟ್ಟುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ದಿಣ್ಣೆ ಜಾಗ ಬದಲಿಸಿರುತ್ತದೆ. ಇಬ್ನ್ ಬತೂತ ಕಂಡ ಹೊನ್ನಾವರದ ಅಳಿವೆಯೊಳಕ್ಕೆ ಅಂದಿನ ದೊಡ್ಡ ಹಡಗುಗಳು ಬರುತ್ತಿದ್ದವು. ಇಂದು ಆಳವಾದ ಕೀಲಿನ ನೌಕೆ ಊರಿನ ಮೀನುಗಾರರನ್ನು ವಿಚಾರಿಸದೆ ಆ ಬಾಗಿಲಿಗೆ ತಲೆ ಹಾಕುವುದು ಜಾಣತನವಾಗದು. ಗಂಗೊಳ್ಳಿ, ತದಡಿಗಳಿಗೂ ಇದೇ ಮಾತು ಸಲ್ಲುತ್ತದೆ. ಹಳೆಯ ಮಂಗಳೂರು ಬಂದರಿನ ಕಾಲದಲ್ಲಿ ದೊಡ್ಡ ಹಡಗುಗಳು ಹೊರಗಡಲಿನಲ್ಲೇ ನಿಂತು, ಸಣ್ಣ ದೋಣಿಗಳ ಮೂಲಕ ಸರಕನ್ನು ಇಳಿಸುತ್ತಿದ್ದವು. ಆ ಕಷ್ಟ ಕಳೆದುದು ಪಣಂಬೂರಿನಲ್ಲಿ ನೆಲವನ್ನು ಅಗೆದು, ಕಡಲಿಗೆ ತಡೆಗೋಡೆ ಕಟ್ಟಿ, ನವಮಂಗಳೂರು ಬಂದರನ್ನು ನಿರ್ಮಿಸಿದ ಮೇಲೆ. 1974ರಲ್ಲಿ ಪ್ರಧಾನ ಬಂದರೆಂದು ಘೋಷಿತವಾದ ಅಲ್ಲಿ ಆಳಕ್ಕೆ ಕೊರತೆಯಿಲ್ಲ. ಆದರೆ ಅದು ಭಾರಿ ಸರಕುಹಡಗುಗಳಿಗಾಗಿ ಕಟ್ಟಿದ ಬಂದರು.

ನದಿಯ ಬಾಗಿಲು ಸಂಶಯಾಸ್ಪದವಾದಾಗ ನಾವಿಕನ ಕಣ್ಣು ದ್ವೀಪಗಳನ್ನು ಅರಸುತ್ತದೆ. ಮಲ್ಪೆಯ ಎದುರಿಗೆ, ಉತ್ತರ ದಕ್ಷಿಣವಾಗಿ ಹರಡಿರುವ ಸೇಂಟ್ ಮೇರಿ ದ್ವೀಪಗಳಿವೆ. ಅವುಗಳಲ್ಲೊಂದಕ್ಕೆ ತೆಂಗಿನ ದ್ವೀಪವೆಂದೇ ಹೆಸರು. ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ, ಕೋಟ್ಯಂತರ ವರ್ಷಗಳ ಹಿಂದಿನ ಲಾವಾರಸ ಹೆಪ್ಪುಗಟ್ಟಿ ಕಂಬಗಳಂತೆ ನಿಂತಿರುವ ಅಪೂರ್ವ ದೃಶ್ಯ ಅಲ್ಲಿಯದು. ಹಗಲು ಹೊತ್ತು ಕಳೆಯಲು ಅದಕ್ಕಿಂತ ಮಿಗಿಲಾದ ತಾಣವಿಲ್ಲ. ಆದರೆ ಅದೇ ಕಂಬಗಳು ನೀರಿನೊಳಗೂ ಬಂಡೆಗಳಾಗಿ ಚಾಚಿರುವುದರಿಂದ ಏಳಡಿ ಕೀಲಿನ ನೌಕೆ ದೂರದಲ್ಲಿ ನಿಂತು, ಸಣ್ಣ ದೋಣಿಯಲ್ಲಿ ಜನರನ್ನು ಕಳಿಸುವುದೇ ಲೇಸು. ಮುರ್ಡೇಶ್ವರದ ಎದುರಿನ ನೇತ್ರಾಣಿಯ ಬುಡದಲ್ಲಿ ಹವಳವಿದೆ. ಅದರ ಮೇಲೆ ಲಂಗರು ಎಸೆಯುವುದು ಹವಳಕ್ಕೂ ಕೇಡು, ಲಂಗರಿಗೂ ಕೇಡು.

ಉತ್ತರದ ತುದಿಯ ಕಾರವಾರಕ್ಕೆ ಬಂದಾಗ ತೀರದ ಸ್ವರೂಪವೇ ಬದಲಾಗುತ್ತದೆ. ಸಹ್ಯಾದ್ರಿ ಕಡಲಿನವರೆಗೂ ಕೈ ಚಾಚಿದೆ. ಬೈತಕೋಲದ ಬಳಿಯ ಭೂಶಿರ ನೈಋತ್ಯದ ಗಾಳಿಗೆ ಅಡ್ಡ ನಿಂತಿದೆ. ಹೊರಗೆ ದೇವಗಡ, ಕೂರ್ಮಗಡ ದ್ವೀಪಗಳು ಕಾವಲಿಗಿವೆ. ಈ ಮರೆಯಿಂದಾಗಿಯೇ ಕಾರವಾರ ಸರ್ವಋತು ಬಂದರೆಂದು ಹೆಸರಾಯಿತು. ಆದರೂ ಮರೆಯುಳ್ಳ ನೀರೆಂದು ಮೈಮರೆಯುವಂತಿಲ್ಲ. 2019ರ ಜನವರಿಯಲ್ಲಿ, ಕಡಲು ಸೌಮ್ಯವಾಗಿರುವ ಋತುವಿನಲ್ಲಿಯೇ, ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ, ಮಕ್ಕಳೂ ಸೇರಿದಂತೆ ಹಲವರು ಪ್ರಾಣ ನೀಗಿದರು.

ಕಾರವಾರದ ದಕ್ಷಿಣಕ್ಕೆ ಅಂಜದೀವ ದ್ವೀಪವಿದೆ. 1498ರಲ್ಲಿ ತಾಯ್ನಾಡಿಗೆ ಮರಳುವ ಮುನ್ನ ವಾಸ್ಕೋ ಡ ಗಾಮ ತನ್ನ ಹಡಗುಗಳನ್ನು ದುರಸ್ತಿ ಮಾಡಿಸಿ, ಸಿಹಿನೀರು ತುಂಬಿಸಿಕೊಂಡುದು ಅಲ್ಲಿಯೇ. 1505ರಲ್ಲಿ ಪೋರ್ಚುಗೀಸರು ಅಲ್ಲಿ ಕೋಟೆ ಕಟ್ಟಿದರು. ಮುಂಬಯಿಯನ್ನು ವಶಪಡಿಸಿಕೊಳ್ಳಲೆಂದು 1662ರಲ್ಲಿ ಬಂದ ಅಬ್ರಹಾಂ ಶಿಪ್‌ಮನ್ನನ ಇಂಗ್ಲಿಷ್ ದಂಡು, ಅಲ್ಲಿ ಪ್ರವೇಶ ದೊರೆಯದೆ ಈ ದ್ವೀಪದಲ್ಲಿ ಬೀಡುಬಿಟ್ಟಿತು. ಮಳೆಗೂ ರೋಗಕ್ಕೂ ತುತ್ತಾಗಿ ಶಿಪ್‌ಮನ್ನನೂ ಸೈನಿಕರಲ್ಲಿ ಬಹುಪಾಲು ಮಂದಿಯೂ ಅಲ್ಲಿಯೇ ಮಣ್ಣಾದರು. ಹಡಗನ್ನು ಕಾಯ್ದ ದ್ವೀಪ ಮನುಷ್ಯರನ್ನು ಕಾಯಲಿಲ್ಲ.

ಆ ನೀರು ಈಗ ವಿಹಾರಿಗಳದಲ್ಲ. 2005ರಲ್ಲಿ ಕಾರ್ಯಾರಂಭ ಮಾಡಿದ ಐ.ಎನ್.ಎಸ್. ಕದಂಬ ನೌಕಾನೆಲೆಗೆ ಸೇರಿದ ನಿಷಿದ್ಧ ಪ್ರದೇಶವದು. ದೇಶದ ರಕ್ಷಣೆಗಾಗಿ ಆರಿಸಿದ ತಾಣ, ಶತಮಾನಗಳ ನಾವಿಕರು ಆರಿಸಿದ್ದ ತಾಣವೇ ಆದುದು ಆಕಸ್ಮಿಕವಲ್ಲ. ಆಳ, ಮರೆ, ಹೊರಬೀಳುವ ದಾರಿ, ಈ ಮೂರೂ ಒಂದೆಡೆ ಕೂಡಿದ ಸ್ಥಳಗಳು ಈ ತೀರದಲ್ಲಿ ವಿರಳ. ರಜೆಯ ನೌಕೆಯವರು ಬಂದರಿನ ಅಧಿಕಾರಿಗಳ ಅನುಮತಿ ಪಡೆದು, ಕಾರವಾರದ ಕೊಲ್ಲಿಯಲ್ಲಿ ಅವರು ತೋರಿದ ಎಡೆಯಲ್ಲಿ ನಿಲ್ಲಬೇಕು.

ಇದೇ ನೌಕಾನೆಲೆಯಲ್ಲಿ 2025ರ ಮೇ 21ರಂದು ಒಂದು ವಿಶಿಷ್ಟ ಹಡಗು ನೌಕಾಪಡೆಯನ್ನು ಸೇರಿತು. ಅಜಂತೆಯ ಚಿತ್ರವೊಂದರ ಮಾದರಿಯಲ್ಲಿ ಕಟ್ಟಿದ ಅದರ ಹೆಸರು ಕೌಂಡಿನ್ಯ. ಹಲಗೆಗಳನ್ನು ಹೊಲಿದಿರುವುದು ತೆಂಗಿನ ನಾರಿನ ಹುರಿಯಿಂದ. ಹಾಯಿಯ ಮೇಲೆ ಗಂಡಭೇರುಂಡ. ಅಟ್ಟಣೆಯ ಮೇಲೆ ಹರಪ್ಪದ ಮಾದರಿಯ ಕಲ್ಲಿನ ಲಂಗರು. ಆ ವರ್ಷದ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು, ಮರುತಿಂಗಳು ಅದು ಒಮಾನಿನ ಮಸ್ಕತ್ತನ್ನು ಮುಟ್ಟಿತು. ಇಬ್ನ್ ಬತೂತ ಬಣ್ಣಿಸಿದ ಹೊಲಿಗೆಯ ಕಸುಬು ಇಂದಿಗೂ ಅರಬ್ಬೀ ಸಮುದ್ರವನ್ನು ದಾಟಬಲ್ಲುದೆಂಬುದಕ್ಕೆ ಅದು ಸಾಕ್ಷಿ. ಹಲಗೆ ಹೊಲಿದುದಾಗಲಿ, ಮೊಳೆ ಹೊಡೆದುದಾಗಲಿ, ಸಂಜೆಯಾದೊಡನೆ ಹಡಗಿನವರು ಕೇಳಬೇಕಾದ ಪ್ರಶ್ನೆಗಳು ಮಾತ್ರ ಬದಲಾಗಿಲ್ಲ: ಇಳಿತದಲ್ಲಿ ನೀರೆಷ್ಟು ಉಳಿದೀತು, ಗಾಳಿ ತಿರುಗಿದರೆ ಮರೆ ಯಾವುದು, ಕತ್ತಲಲ್ಲಿ ಹೊರಡಬೇಕಾದರೆ ದಾರಿ ಯಾವುದು? ಮೂರಕ್ಕೂ ಉತ್ತರ ದೊರೆತ ಮೇಲೆ ಲಂಗರು ಇಳಿಸಬಹುದು. ಒಂದಕ್ಕೆ ಉತ್ತರ ದೊರೆಯದಿದ್ದರೂ, ದಂಡೆ ಎಷ್ಟೇ ಚೆಲುವಾಗಿರಲಿ, ಬೆಳಕಿರುವಾಗಲೇ ಮುಂದಿನ ಎಡೆಯನ್ನು ಅರಸುವುದು ಮೇಲು.