ನಲವತ್ತು ರಾತ್ರಿಗಳ ಆಟ

ಕಂಪ್ಯೂಟರ್ ಆಟಗಳು ಮಕ್ಕಳ ಸಮಯವನ್ನು ತಿನ್ನುತ್ತವೆ, ಮನಸ್ಸನ್ನು ಕೆಡಿಸುತ್ತವೆ ಎಂಬ ದೂರು ಹಳೆಯದು. ಅದರಲ್ಲಿ ಸತ್ಯವೇ ಇಲ್ಲವೆನ್ನಲಾಗದು. ಆದರೆ ಕೆಲವು ಆಟಗಳು ಆಡಿ ಮುಗಿಸಿದ ಎಷ್ಟೋ ವರ್ಷಗಳ ಬಳಿಕವೂ ನಮ್ಮೊಂದಿಗೆ ಉಳಿಯುತ್ತವೆ. ಒಡಹುಟ್ಟಿದ ನಮ್ಮ ಮೂವರ ಪಾಲಿಗೆ ಅಂಥ ಆಟ ‘ನೈಟ್ ಲೋರ್’.

1984ರಲ್ಲಿ ಇಂಗ್ಲೆಂಡಿನಲ್ಲಿ ಬಿಡುಗಡೆಯಾದ ಆಟವಿದು. ಆಶ್‌ಬಿ ಡಿ ಲಾ ಜೂಶ್ ಎಂಬ ಸಣ್ಣ ಪಟ್ಟಣದಲ್ಲಿ ಟಿಮ್ ಮತ್ತು ಕ್ರಿಸ್ ಸ್ಟ್ಯಾಂಪರ್ ಸಹೋದರರು ನಡೆಸುತ್ತಿದ್ದ ‘ಅಲ್ಟಿಮೇಟ್ ಪ್ಲೇ ದ ಗೇಮ್’ ಸಂಸ್ಥೆ ಅದನ್ನು ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಪುಟ್ಟ ಕಂಪ್ಯೂಟರಿಗಾಗಿ ರೂಪಿಸಿತ್ತು. ಆ ಯಂತ್ರದ ಮೆಮೊರಿ ಬರೀ 48 ಕಿಲೋಬೈಟ್. ಇಂದು ಮೊಬೈಲಿನಲ್ಲಿ ತೆಗೆಯುವ ಒಂದು ಫೋಟೋ ಕೂಡ ಅಷ್ಟರಲ್ಲಿ ಹಿಡಿಸುವುದು ಕಷ್ಟ. ಅಷ್ಟು ಜಾಗದಲ್ಲೇ 128 ಕೋಣೆಗಳ ಕೋಟೆಯೊಂದನ್ನು ಆಳ, ಎತ್ತರಗಳೊಂದಿಗೆ ತೋರಿಸಿದ್ದು ಆ ಕಾಲಕ್ಕೆ ದೊಡ್ಡ ಬೆರಗು. ಪ್ರತಿ ಕೋಣೆಗೂ ಒಂದೇ ಬಣ್ಣ. ಒಮ್ಮೆಗೇ ಹಲವು ವಸ್ತುಗಳು ಚಲಿಸಿದರೆ ಆಟವೇ ಏದುಸಿರು ಬಿಟ್ಟು ನಿಧಾನವಾಗುತ್ತಿತ್ತು.

ಭಾರತದಲ್ಲಿ ಈ ಯಂತ್ರ ‘ಡಿಬಿ ಸ್ಪೆಕ್ಟ್ರಮ್ ಪ್ಲಸ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಚಿಕ್ಕಪ್ಪನ ಮೂಲಕ ಒಂದು ನಮ್ಮ ಮನೆಯನ್ನೂ ಸೇರಿತು. ಅದನ್ನು ಟಿವಿಗೆ ಜೋಡಿಸಿ, ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ ಹಾಕಿ ಕಾಯಬೇಕಿತ್ತು. ಕೆಲವು ನಿಮಿಷ ಕರ್ಕಶವಾದ ಕೀರಲು ಸದ್ದು. ಆ ಸದ್ದು ಕೇಳಿದರೆ ಅಮ್ಮ ಅಡುಗೆಮನೆಯಿಂದಲೇ, “ಆ ಪ್ರಾಣಿಗೆ ಯಾರಾದರೂ ನೀರು ಕೊಡಿ” ಎನ್ನುತ್ತಿದ್ದರು.

ಕಥೆ ಸರಳ. ಸೇಬರ್‌ಮನ್ ಎಂಬವನಿಗೆ ಶಾಪ ತಗಲಿದೆ. ಹಗಲಲ್ಲಿ ಮನುಷ್ಯ, ಕತ್ತಲಾದರೆ ತೋಳ. ಕೋಟೆಯಲ್ಲಿರುವ ಮಾಂತ್ರಿಕನ ಕಡಾಯಿ ಕೇಳುವ 14 ವಸ್ತುಗಳನ್ನು ಒಂದೊಂದಾಗಿ ತಂದು ಹಾಕಿದರೆ ಶಾಪ ವಿಮೋಚನೆ. ಅದಕ್ಕೆ ಕೊಟ್ಟ ಗಡುವು 40 ದಿನ. ಪರದೆಯ ಕೆಳಗೊಂದು ಪುಟ್ಟ ಕಿಟಕಿ. ಅದರಲ್ಲಿ ಸೂರ್ಯ ಜಾರಿ ಚಂದ್ರ ಬರುತ್ತಿದ್ದಂತೆ, ಎಲ್ಲಿದ್ದರೆ ಅಲ್ಲೇ ಸೇಬರ್‌ಮನ್‌ನ ಮೈ ನಡುಗಿ ಅವನ ರೂಪ ಬದಲಾಗುತ್ತಿತ್ತು. ಆ ಕೆಲವು ಕ್ಷಣ ಯಾವ ಕೀಲಿ ಒತ್ತಿದರೂ ಅವನು ನಮ್ಮ ಮಾತು ಕೇಳುತ್ತಿರಲಿಲ್ಲ.

ಇನ್ನೊಂದು ವಿಚಿತ್ರವಿತ್ತು. ಅಲ್ಲಿನ ಕೆಲವು ಭೂತಗಳು ಮನುಷ್ಯನನ್ನು ಸುಮ್ಮನೆ ಬಿಡುತ್ತವೆ, ತೋಳವನ್ನು ಕಂಡರೆ ಮಾತ್ರ ಮೇಲೆರಗುತ್ತವೆ. ಬಂದವನು ಅವನೇ, ಅವನು ಹೊತ್ತು ತಂದ ವಸ್ತುವೂ ಅದೇ. ಬದಲಾದದ್ದು ರೂಪ ಮಾತ್ರ. ಹಾಗಾಗಿ ಕತ್ತಲಾಗುವ ಮೊದಲೇ ಅಪಾಯವಿಲ್ಲದ ಕೋಣೆಯನ್ನು ಹುಡುಕಿ, ಬೆಳಗಾಗುವವರೆಗೆ ಸುಮ್ಮನೆ ಕಾಯುವುದನ್ನು ನಾವು ಕಲಿತೆವು.

ಈ ಆಟ ಮತ್ತೆ ನೆನಪಾಗಲು ಕಾರಣ ನಮ್ಮ ಅಮ್ಮ. ಕೆಲವು ವರ್ಷಗಳಿಂದ ಅವರಿಗೆ ಮರೆಗುಳಿ ಕಾಯಿಲೆ. ಬೆಳಿಗ್ಗೆ ಅಮ್ಮ ಅಮ್ಮನೇ. ಸೊಪ್ಪು ಬಿಡಿಸುತ್ತಾರೆ, ಹಳೆಯ ನೆಂಟರ ಕಥೆ ಹೇಳುತ್ತಾರೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಚಡಪಡಿಕೆ ಶುರುವಾಗುತ್ತದೆ. ನಮ್ಮ ಮುಖ ಅಪರಿಚಿತವಾಗುತ್ತದೆ. ಚಪ್ಪಲಿ ಹುಡುಕಿ, ತವರಿಗೆ ಹೋಗಬೇಕೆನ್ನುತ್ತಾರೆ. ತಡೆದರೆ ಸಿಟ್ಟು. ಈ ಕಾಯಿಲೆಯಿರುವ ಅನೇಕರಲ್ಲಿ ಸಂಜೆಯಾದಂತೆ ಗೊಂದಲ ಹೆಚ್ಚುತ್ತದೆ ಎಂದು ವೈದ್ಯರು ತಿಳಿಸಿದರು. ಇಂಗ್ಲಿಷಿನಲ್ಲಿ ಇದನ್ನು ಸನ್‌ಡೌನಿಂಗ್ ಎನ್ನುತ್ತಾರಂತೆ.

ಅದನ್ನು ಕೇಳಿದಾಗ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾರೂ ಆಟದ ಹೆಸರು ಹೇಳಲಿಲ್ಲ.

ಈಗ ನಮ್ಮ ಮನೆಯಲ್ಲಿ ಕತ್ತಲಾಗುವ ಮೊದಲೇ ಎಲ್ಲ ದೀಪಗಳು ಉರಿಯುತ್ತವೆ. ಆ ಹೊತ್ತಿಗೆ ಟಿವಿಯ ಗದ್ದಲವಿಲ್ಲ, ಅತಿಥಿಗಳೂ ಇಲ್ಲ. ತವರಿನ ಮಾತು ಬಂದರೆ ನಾವು ವಾದ ಮಾಡುವುದಿಲ್ಲ, “ಅಲ್ಲಿ ಬಾವಿ ಎಲ್ಲಿತ್ತು?” ಎಂದು ಕೇಳುತ್ತೇವೆ. ಹೇಳುತ್ತಾ ಹೇಳುತ್ತಾ ಅಮ್ಮ ಕುಳಿತುಕೊಳ್ಳುತ್ತಾರೆ. ಕೆಲವು ಬಂಧುಗಳು ಸಂಜೆ ಬಂದು ಅವರನ್ನು ಕಂಡು, “ಇವರು ಮೊದಲಿನವರಲ್ಲ” ಎಂದು ಹೇಳಿ ಬರುವುದನ್ನೇ ಬಿಟ್ಟರು. ಕಾಯಿಲೆಯ ಕಷ್ಟಕ್ಕಿಂತ ಆ ಮಾತಿನ ನೋವೇ ಹೆಚ್ಚು.

ಅಮ್ಮ ಮೊದಲಿನವರಲ್ಲ ಎಂಬುದು ನಿಜವೇ? ಆಟದಲ್ಲಿ ತೋಳವಾದಾಗಲೂ ಸೇಬರ್‌ಮನ್ ಎತ್ತಿಕೊಂಡ ವಸ್ತುಗಳು ಅವನ ಬಳಿಯೇ ಇರುತ್ತಿದ್ದವು. ಅಮ್ಮನೂ ಅಷ್ಟೇ. ನಾವು ಯಾರೆಂದು ತಿಳಿಯದ ರಾತ್ರಿಯಲ್ಲೂ ನಮ್ಮನ್ನೇ ನೋಡಿ, “ಮಕ್ಕಳು ಊಟ ಮಾಡಿದರಾ?” ಎಂದು ಕೇಳುತ್ತಾರೆ. ಮಕ್ಕಳ ಮುಖ ಮರೆತಿದೆ, ಅವರ ಹಸಿವು ಮರೆತಿಲ್ಲ.

ಆಟಕ್ಕೂ ಬದುಕಿಗೂ ವ್ಯತ್ಯಾಸವಿದೆ. ಅಲ್ಲಿ 14 ವಸ್ತುಗಳಿಂದ ಶಾಪ ಕಳೆಯುತ್ತದೆ. ಈ ಕಾಯಿಲೆಯನ್ನು ಪೂರ್ತಿ ವಾಸಿಮಾಡುವ ಔಷಧಿ ಇನ್ನೂ ಬಂದಿಲ್ಲ. ಅಲ್ಲಿ 40 ದಿನಗಳ ಲೆಕ್ಕವಿತ್ತು, ಇಲ್ಲಿ ಅಂಥ ಲೆಕ್ಕವೂ ಇಲ್ಲ.

ಸ್ಟ್ಯಾಂಪರ್ ಸಹೋದರರು ಬಳಿಕ ‘ರೇರ್’ ಸಂಸ್ಥೆ ಕಟ್ಟಿದರು. ಅದನ್ನು 2002ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು. 2015ರಲ್ಲಿ ಬಂದ ‘ರೇರ್ ರಿಪ್ಲೇ’ ಎಂಬ 30 ಆಟಗಳ ಸಂಗ್ರಹದಲ್ಲಿ ನೈಟ್ ಲೋರ್ ಕೂಡ ಸೇರಿದೆ. ನಮ್ಮ ಮಕ್ಕಳಿಗೆ ಅದು ಬಲು ನಿಧಾನ. ಕಾಯುವುದೇ ಒಂದು ಆಟವೆಂದರೆ ಅವರು ನಗುತ್ತಾರೆ. ಆದರೆ ಸಂಜೆ ಅಜ್ಜಿಯ ಕೈಹಿಡಿದು, ಬಾವಿಯ ಕಥೆಯನ್ನು ನೂರನೆಯ ಬಾರಿ ಕೇಳುತ್ತಾ ಕೂರುವವರೂ ಅವರೇ.