ಬಣ್ಣದ ಕೆಳಗಿನ ಬೆಸುಗೆ

ರಾತ್ರಿ ಊಟ ಆದಮೇಲೆ ಫೋನಿನಲ್ಲಿ ಕಿಟ್ ಕಾರಿನ ವಿಡಿಯೊ ನೋಡುವುದು ನನ್ನದೊಂದು ಹುಚ್ಚು. ಇಂಗ್ಲೆಂಡಿನಲ್ಲಿ ಬಿಡಿಭಾಗ ತರಿಸಿಕೊಂಡು ಮನೆಯ ಶೆಡ್ಡಿನಲ್ಲೇ ಕಾರು ಜೋಡಿಸುತ್ತಾರೆ. 1957ರಲ್ಲಿ ಬಂದ ಲೋಟಸ್ ಸೆವೆನ್ ಹೀಗೂ ಮಾರಾಟವಾಗುತ್ತಿತ್ತು. 1973ರಲ್ಲಿ ಅದರ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಹೋಯಿತು. ಜೋಡಿಸಿದ ಕಾರು ರಸ್ತೆಗಿಳಿಯುವ ಮೊದಲು ಅಲ್ಲಿ ಸರ್ಕಾರಿ ತಪಾಸಣೆ ಪಾಸಾಗಬೇಕು. ಇದನ್ನೆಲ್ಲ ನೋಡಿ ನೋಡಿ, ಯಾವ ಗಾಡಿ ಹೇಗೆ ಕಟ್ಟಿದ್ದಾರೆ ಅಂತ ಕಣ್ಣಲ್ಲೇ ಹೇಳಬಲ್ಲೆ ಅಂದುಕೊಂಡಿದ್ದೆ.

ನಮ್ಮ ಕಡೆ ಹೇಳಿ ಮಾಡಿಸುವ ಗಾಡಿ ಅಂದರೆ ಕಬ್ಬಿನ ಟ್ರೇಲರ್. ಹೋದ ಹಂಗಾಮಿಗೆ ತಮ್ಮ ಹುಕ್ಕೇರಿ ಕಡೆಯ ಒಂದು ವರ್ಕ್‌ಶಾಪಿನಲ್ಲಿ ಜೋಡಿ ಟ್ರೇಲರ್ ಮಾಡಿಸಿದ. ಅರ್ಧ ದುಡ್ಡು ನನ್ನದು. ಬೆಂಗಳೂರಿನಿಂದ ದಿನಕ್ಕೆರಡು ಸಲ ಫೋನ್ ಮಾಡಿ ಗಡಿಬಿಡಿ ಮಾಡಿದವನೂ ನಾನೇ.

ಗೋಕಾಕ ದಾಟಿ ಮೂಡಲಗಿ ಹತ್ತಿರದ ನಮ್ಮೂರಿಗೆ ಅವು ಬಂದ ದಿನ ನಾನೂ ಇದ್ದೆ. ಮಿರಮಿರ ಮಿಂಚುವ ಕೆಂಪು ಬಣ್ಣ, ಹಿಂದೆ ಅವ್ವನ ಹೆಸರು. ಫೋಟೊ ತೆಗೆದು ಸ್ಟೇಟಸ್ ಹಾಕಿದೆ.

ಕಾಕಾ ಬಣ್ಣದ ಕಡೆ ನೋಡಲೇ ಇಲ್ಲ. ಗೋಕಾಕ ಫಾಲ್ಸ್‌ನ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವರು. ಒಂದು ಹಗ್ಗ ತಗೊಂಡು ಚಾಸಿಯನ್ನು ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆದರು. ಸಮ ಬಂತು. ಜ್ಯಾಕ್ ಹಚ್ಚಿ ಗಾಲಿ ಎತ್ತಿ, ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದರು. ಬೇರಿಂಗ್ ಬಿಗಿ ಇತ್ತು. ನಾನು ಎದೆಯುಬ್ಬಿಸಿ ನಿಂತಿದ್ದೆ. ಆಮೇಲೆ ಅವರು ನೆಲಕ್ಕೆ ಮಲಗಿ ಹಿಂದಿನ ಟ್ರೇಲರಿನ ಹುಕ್ಕಿನ ಬುಡಕ್ಕೆ ತಂತಿ ಬ್ರಷ್ ಹಾಕಿದರು.

'ಅಯ್ಯೋ ಕಾಕಾ, ಬಣ್ಣ ಹೋಗತೈತಿ!'

'ಹೋಗಲಿ ಬಿಡೋ ತಮ್ಮಾ. ಇಲ್ಲಿ ನೋಡು, ಬೆಸುಗೆ ಒಳಗ ಇಳದಿಲ್ಲ, ಮ್ಯಾಲ ಕುಂತೈತಿ.'

ನೋಡಿದೆ. ಮೇಣದ ಹನಿಯ ಹಾಗೆ ಲೋಹ ಉಬ್ಬಿತ್ತು, ಅಂಚಿನಲ್ಲಿ ಕೂದಲೆಳೆಯ ಸಂದು. ಸುತ್ತಿಗೆಯಿಂದ ನಾಲ್ಕು ಪೆಟ್ಟು ಕೊಟ್ಟಾಗ ಹೆಬ್ಬೆರಳಿನಷ್ಟು ತುಂಡು ಹಾರಿ ಬಿತ್ತು. ಆ ಟ್ರೇಲರಿಗೆ ತನ್ನದೇ ಬ್ರೇಕ್ ಇಲ್ಲ. ಕಬ್ಬು ತುಂಬಿಕೊಂಡು ಏರು ಹತ್ತುವಾಗ ಹುಕ್ಕು ಕಿತ್ತರೆ ಅದು ಹಿಂದಕ್ಕೇ ಬರುತ್ತದೆ. ನಮ್ಮೂರ ಏರು ಇರುವುದು ಸಾಲಿಯ ಮುಂದೆ.

ಸಿಟ್ಟಿನಿಂದ ವರ್ಕ್‌ಶಾಪಿಗೆ ಹೋದೆವು. ವೆಲ್ಡಿಂಗ್ ಹುಡುಗ ತಲೆ ತಗ್ಗಿಸಿ, 'ಅಣ್ಣಾ, ನಾಳೆನೇ ಬೇಕು ಅಂದ್ರಿ. ರಾತ್ರಿ ಕರೆಂಟು ಡಿಮ್ ಇತ್ತು. ಆದ್ರೂ ಹೊಡದೆ' ಅಂದ. ಕಾಕಾ ನನ್ನ ಮುಖ ನೋಡಿದರು. ನಾನು ಹೊರಗಿನ ಚಹಾದಂಗಡಿ ಕಡೆ ನೋಡಿದೆ.

ಹಳೆಯದನ್ನು ಪೂರ್ತಿ ಕೊರೆದು ತೆಗೆದು, ಹೊಸದಾಗಿ ಹೊಡೆದು, ಪಟ್ಟಿ ಕೂಡಿಸಿ ಕೊಡಲು ಎಂಟು ದಿನ ಹಿಡಿಯಿತು. ಅಷ್ಟೂ ದಿನ ಕಟಾವಿನ ಗ್ಯಾಂಗಿನವರು ಕೂತಿದ್ದರು, ತಮ್ಮ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಬಣ್ಣದ ಡಬ್ಬಿ ತಂದ ಹುಡುಗನಿಗೆ ಕಾಕಾ, 'ಅಷ್ಟು ಜಾಗಾ ಹಂಗ ಬಿಡು, ವಾರಕ್ಕೊಮ್ಮೆ ಎಣ್ಣಿ ಒರಸ್ತೀನಿ' ಅಂದರು.

ಈಗಲೂ ಪ್ರತಿ ಸೋಮವಾರ ತಮ್ಮ ಆ ಬೋಳು ಕಬ್ಬಿಣದ ಫೋಟೊ ವಾಟ್ಸಾಪ್ ಮಾಡುತ್ತಾನೆ. ಆಫೀಸಿನ ಮೀಟಿಂಗಿನಲ್ಲಿದ್ದರೂ ದೊಡ್ಡದು ಮಾಡಿ ಅಂಚು ನೋಡುತ್ತೇನೆ.